ನಕ್ಷೆಯಲ್ಲಿ ತಣ್ಣಗಿದ್ದ ಬೀದಿ

ನಗರಸಭೆಯ ನಕ್ಷೆ ಕೋಣೆಯಲ್ಲಿ ಹನ್ನೊಂದು ವರ್ಷದಿಂದ ಕೂತಿದ್ದ ಆತನಿಗೆ ಕಚೇರಿಯವರು ಇಟ್ಟ ಹೆಸರು ಸ್ವೆಟರಣ್ಣ. ಉಪಗ್ರಹದ ಚಿತ್ರ ನೋಡಿ ಊರು ಎಲ್ಲೆಲ್ಲಿ ಕಾದು ಕೆಂಡವಾಗಿದೆ ಎಂದು ಹೇಳುವುದು ಅವನ ಕೆಲಸ. ಕಂಪ್ಯೂಟರುಗಳಿಗೆಂದು ಹಾಕಿದ್ದ ಏಸಿಗೆ ನಡುಗುತ್ತ, ನಡುಬೇಸಿಗೆಯಲ್ಲೂ ಸ್ವೆಟರ್ ತೊಟ್ಟು ಕೂರುವುದು ಅವನ ಪಾಡು. ಆದರೂ ಗಟ್ಟಿಗ, ಸುಳ್ಳು ಹೇಳಬಾರದು. ಕಾದ ಜಾಗ ಕೆಂಪು, ತಣ್ಣಗಿನದು ನೀಲಿ. ಯಾವ ಕೆರೆ ಮುಚ್ಚಿದ ವರ್ಷ ಯಾವ ಬಡಾವಣೆ ಕೆಂಪಾಯಿತು ಎಂಬುದೆಲ್ಲ ಅವನಿಗೆ ಬಾಯಿಪಾಠ.

ಅವನ ಅಕ್ಕ ಬಟ್ಟೆ ಹೊಲಿಯುವವಳು. ಗೋದಾಮುಗಳ ಹಿಂದೆ, ತಗಡಿನ ಸೂರುಗಳ ಬೀದಿಯಲ್ಲಿ ಮನೆ. ಭಾನುವಾರ ಸಂಜೆ ತಮ್ಮ ಹೋದಾಗಲೆಲ್ಲ ಅವಳದ್ದು ಒಂದೇ ರಗಳೆ.

"ಮಧ್ಯಾಹ್ನ ಆದ್ರೆ ಕೂರೋಕಾಗಲ್ಲ ಕಣೋ. ತಲೆ ತಿರುಗುತ್ತೆ."

ಭೂಪ ಫೋನು ತೆಗೆದು ನಕ್ಷೆ ತೋರಿಸುವನು. "ನೋಡಿಲ್ಲಿ, ನಿನ್ನ ಬೀದಿ ನೀಲಿ. ಇಡೀ ಊರಲ್ಲಿ ನಿಮ್ಮಷ್ಟು ತಣ್ಣಗಿರೋರು ಪಾರ್ಕಿನ ಬಾತುಕೋಳಿಗಳು ಮಾತ್ರ."

ಅಕ್ಕ ನಕ್ಕು ಹೊಲಿಗೆಗೆ ಮರಳುವಳು. ಓದಿದ ತಮ್ಮ ಹೇಳಿದ ಮೇಲೆ ಮುಗಿಯಿತು. ಹೀಗೇ ಐದು ಬೇಸಿಗೆ ಕಳೆದವು.

ಆರನೆಯ ವರ್ಷ ನಗರಸಭೆ, ಅತಿ ಹೆಚ್ಚು ಕಾಯುವ ಬೀದಿಗಳ ಸೂರುಗಳಿಗೆ ಬಿಸಿಲು ತಡೆಯುವ ಬಿಳಿ ಬಣ್ಣ ಬಳಿಸಲು ಹೊರಟಿತು. ಪಟ್ಟಿ ತಯಾರಾದದ್ದು ಅವನ ನಕ್ಷೆಯಿಂದಲೇ. ಸಹಿ ಬೀಳಲು ಮೂರು ದಿನವಿರುವಾಗ, ಹೊಲಿಯಲು ಕೊಟ್ಟಿದ್ದ ಅಂಗಿ ತರಲೆಂದು ಅವನು ಮೊದಲ ಸಲ ಮಧ್ಯಾಹ್ನ ಎರಡು ಗಂಟೆಗೆ ಅಕ್ಕನ ಮನೆಗೆ ಹೋದ. ಹೊಸಿಲು ದಾಟಿದ್ದೇ ಉಸಿರು ಕಟ್ಟಿತು. ಅಕ್ಕ ಒದ್ದೆ ಟವೆಲ್ ತಲೆಗೆ ಸುತ್ತಿಕೊಂಡು ಮೆಷಿನ್ ತುಳಿಯುತ್ತಿದ್ದಳು. ಅವನು ತನ್ನ ಚೀಲದಲ್ಲಿ ಸದಾ ಇರುತ್ತಿದ್ದ, ಎಂದೂ ತೆಗೆಯದ ಥರ್ಮಾಮೀಟರನ್ನು ಮೇಜಿನ ಮೇಲಿಟ್ಟ. ನಲವತ್ಮೂರು.

ಅಯ್ಯೋ, ತಗಡು! ಹೊಳೆಯುವ ತಗಡು ಎಷ್ಟೇ ಕಾದರೂ ಆಕಾಶದತ್ತ ಶಾಖ ಸೂಸುವುದು ಬಲು ಕಡಿಮೆ. ಉಪಗ್ರಹದ ಕಣ್ಣಿಗೆ ಅದು ತಣ್ಣಗೇ ಕಾಣುತ್ತದೆ. ತರಬೇತಿಯ ಮೊದಲ ವಾರ ಕಲಿಸಿದ ಪಾಠವದು. ಕಾಂಕ್ರೀಟಿಗೆ ಹಾಕುವ ಲೆಕ್ಕವನ್ನೇ ಈ ಮಹಾಶಯ ತಗಡಿಗೂ ಹಾಕಿಬಿಟ್ಟಿದ್ದ. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು. ಅಂಗಿ ಮರೆತು ಹೊರಟ.

ಮಾರನೆಯ ದಿನ ಆ ಬೀದಿಯ ಹನ್ನೆರಡು ಮನೆಗಳಲ್ಲಿ ತಾಪ ಅಳೆದು ಬರೆದುಕೊಂಡು ಸಾಹೇಬರ ಮುಂದೆ ನಿಂತ.

"ನಿಮ್ಮಕ್ಕ ಇರೋ ಬೀದಿ ತಾನೇ?" ಸಾಹೇಬರು ಕನ್ನಡಕ ತೆಗೆದರು. "ಜನ ಏನಂತಾರೆ ಹೇಳಿ?"

"ಇದೊಂದೇ ಅಲ್ಲ ಸರ್, ಇಂಥವು ಒಂಬತ್ತಿವೆ. ಎಲ್ಲಾ ಸೇರಿಸಿ. ತಪ್ಪು ನಂದು ಅಂತ ಬರೆದುಕೊಡ್ತೀನಿ."

"ಬರೆದ್ರೆ ಬಡ್ತಿ ಮರೆತುಬಿಡಿ."

ಬಡ್ತಿ ಅವನಿಗೆ ಬೇಕಿತ್ತು, ಚೆನ್ನಾಗಿಯೇ ಬೇಕಿತ್ತು. ಆದರೂ ಬರೆದುಕೊಟ್ಟ. ಒಂಬತ್ತೂ ಬೀದಿ ಪಟ್ಟಿಗೆ ಸೇರಿದವು.

ಸುದ್ದಿ ಹೇಳಲು ಅವನು ಅಳುಕುತ್ತಲೇ ಹೋದ. ಅಕ್ಕ ಚೆನ್ನಾಗಿ ಉಗಿಯುತ್ತಾಳೆ ಎಂದುಕೊಂಡಿದ್ದ. ಅವಳು ಮೆಷಿನ್ ನಿಲ್ಲಿಸಿದಳು.

"ಅಂದ್ರೆ, ಇಲ್ಲಿ ನಿಜವಾಗ್ಲೂ ಸೆಕೇನಾ?"

"ಹೂಂ ಅಕ್ಕ. ನನ್ನ ನಕ್ಷೇನೇ ತಪ್ಪು."

ಅವಳು ಮೆಷಿನಿನ ಡ್ರಾಯರಿನಿಂದ ಬಟ್ಟೆಯ ಚೀಲವೊಂದನ್ನು ತೆಗೆದು ಮಡಿಲಲ್ಲಿ ಸುರಿದಳು. ಡಾಕ್ಟರ ಚೀಟಿಗಳು, ರಕ್ತಪರೀಕ್ಷೆಯ ಕಾಗದಗಳು, ಅರ್ಧಕ್ಕೇ ನಿಲ್ಲಿಸಿದ ಮಾತ್ರೆಗಳ ಹಾಳೆಗಳು. ಐದು ವರ್ಷದವು.

"ಬೀದಿ ತಣ್ಣಗಿದೆ ಅಂದ್ಯಲ್ಲ, ನನ್ನ ಮೈಯೊಳಗೇ ಏನೋ ಕೆಟ್ಟದ್ದು ಸೇರ್ಕೊಂಡಿದೆ ಅಂದ್ಕೊಂಡಿದ್ದೆ. ಎಷ್ಟು ಹೆದರಿದ್ದೆ ಗೊತ್ತಾ? ಹಾಗಾದ್ರೆ ನನಗೇನೂ ಆಗಿಲ್ವೇನೋ?"