ಮನಾಲಿಯಲ್ಲಿ ನಳ ನಿಂತ ಬೆಳಗು

ಕೋವಿಡ್ ಮುಗಿದ ಮೇಲಿನ ಮೊದಲ ಚಳಿಗಾಲ. ಆಗ ನಾನು ಸಿಂಧನೂರಿನ ಸಣ್ಣ ಪ್ರವಾಸ ಸಂಸ್ಥೆಯೊಂದರಲ್ಲಿ ಟೂರ್ ಮ್ಯಾನೇಜರ್. ಅಂದರೆ ಟಿಕೆಟ್, ರೂಮು, ಅಡುಗೆ, ಮಂದಿಯ ಸಿಟ್ಟು ಎಲ್ಲಕ್ಕೂ ನಾನೇ ಜವಾಬ್ದಾರ. ಸಾಲಗುಂದ, ಮುಕ್ಕುಂದ ಕಡೆಯ ರೈತ ಕುಟುಂಬಗಳನ್ನು ಮನಾಲಿಗೆ ಕರೆದೊಯ್ದಿದ್ದೆ. ಪಕ್ಕದ ಸೋಲಾಂಗ್‌ನಲ್ಲಿ ಸ್ಕೀಯಿಂಗ್ ನೋಡುವ ಆಸೆ ಎಲ್ಲರಿಗೂ. ಜೋಳದ ರೊಟ್ಟಿ, ನಂಚಿಕೊಳ್ಳಲು ಶೇಂಗಾ ಹಿಂಡಿ ಕಟ್ಟಿಕೊಂಡು ಹಿಮ ನೋಡಲು ಹೊರಟ ಆ ಮಂದಿಯ ಸಂಭ್ರಮ ನೆನೆದರೆ ಈಗಲೂ ಜೀವ ಹಿಗ್ಗುತ್ತದೆ.

ನಾವು ತಲುಪಿದ ರಾತ್ರಿಯೇ ಹಿಮ ಸುರಿದು ಕರೆಂಟು ಹೋಯಿತು, ನಳದ ಪೈಪಿನಲ್ಲಿ ನೀರು ಹೆಪ್ಪುಗಟ್ಟಿತು. ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದ ಹೋಟೆಲಿನವ. ಕಾಲುವೆ ಸೀಮೆಯವರಲ್ಲವೇ ನಾವು, ನೀರು ಬಿಡುವವರೆಗೆ ಕಾಯುವುದು ಮೈಗೂಡಿದೆ. ಇಡೀ ದಿನ ಕಾದೆವು.

ಮರುದಿನ ಬೆಳಿಗ್ಗೆ ಸಾಲಗುಂದದ ಬಸಮ್ಮ ಮೆಟ್ಟಿಲ ಮೇಲೆ ಕುಸಿದು ಕೂತರು. ಅವರಿಗೆ ಸಕ್ಕರೆ ಕಾಯಿಲೆ, ದಿನಾ ಇನ್ಸುಲಿನ್ ಚುಚ್ಚಿಕೊಳ್ಳುವವರು. ಆ ಚಳಿಯಲ್ಲೂ ಬೆವರು, ಕೈ ನಡುಕ. ಸೊಸೆ ನೀಲಮ್ಮ ಗ್ಲೂಕೋಮೀಟರಿನಲ್ಲಿ ನೋಡಿದರೆ ಅರವತ್ತೆರಡು. ರಕ್ತದ ಸಕ್ಕರೆ ಎಪ್ಪತ್ತಕ್ಕಿಂತ ಇಳಿದರೆ ಹೈಪೋಗ್ಲೈಸೀಮಿಯಾ. ಕೂಡಲೇ ಸಕ್ಕರೆ ಹೊಟ್ಟೆಗೆ ಬೀಳದಿದ್ದರೆ ಪ್ರಜ್ಞೆ ತಪ್ಪಬಹುದು. ಸಕ್ಕರೆ ನೀರು ಹಿಡಿದರೆ ಮುದುಕಿ ಬಾಯಿ ಬಿಗಿದರು. ಜಳಕ ಮಾಡಿ ಕೊರಳಿನ ಲಿಂಗಕ್ಕೆ ಪೂಜೆ ಮಾಡದೆ ಆಕೆ ಹನಿ ನೀರೂ ಮುಟ್ಟುವುದಿಲ್ಲವಂತೆ. ಹಿಂದಿನ ದಿನವಿಡೀ ಉಪವಾಸ! ತನ್ನಿಂದ ಎಲ್ಲರ ಹಿಮದಾಟ ಕೆಟ್ಟೀತೆಂದು ಸೊಸೆಗೂ ಆಣೆ ಹಾಕಿ ಸುಮ್ಮನಿರಿಸಿದ್ದರು.

ನಾನು ಕುಡಿಯುವ ನೀರಿನ ಕ್ಯಾನು ತಂದಿಟ್ಟೆ.

"ಅದು ಮಂದಿ ಕುಡಿಯೋ ನೀರಪ್ಪಾ. ಅದನ್ನ ಮೈಮ್ಯಾಲ ಹಾಕ್ಕೊಂಡು ಶಿವಗ ಏನಂತ ಹೇಳ್ಲಿ?" ಎಂದರು.

ನನಗೆ ಸಿಟ್ಟು ನೆತ್ತಿಗೇರಿತು, ಹೆದರಿಕೆಯೂ ಆಯಿತು. ದವಾಖಾನೆಗೆ ಒಯ್ಯೋಣವೆಂದರೆ ದಾರಿ ಹಿಮದಲ್ಲಿ ಮುಚ್ಚಿತ್ತು.

ಅಷ್ಟರಲ್ಲಿ ನೀಲಮ್ಮ ಅಡುಗೆಯವನ ಬೋಗುಣಿ ಎತ್ತಿಕೊಂಡು ಅಂಗಳಕ್ಕೆ ಓಡಿದಳು. ಬರಿಗೈಯಿಂದ ಹಿಮ ಬಳಿದು ತುಂಬಿ ತಂದು ಗ್ಯಾಸಿನ ಮೇಲಿಟ್ಟಳು. ಹಿಮದ ನಡುವೆ ನಿಂತು ನೀರಿಗೆ ಕಾಯುತ್ತಿದ್ದ ನಮ್ಮಲ್ಲಿ ಒಬ್ಬರಿಗಾದರೂ ಇದು ಮೊದಲೇ ಹೊಳೆಯಬೇಕಿತ್ತಲ್ಲ! ಅದು ಕರಗಿ ಬೆಚ್ಚಗಾಗುವವರೆಗೆ ಜೀವ ಕೈಯಲ್ಲಿ ಹಿಡಿದು ಕೂತೆ. ಎರಡು ತಂಬಿಗೆ ಜಳಕ, ಗಳಿಗೆಯ ಪೂಜೆ. ಆಮೇಲೆ ಬಸಮ್ಮ ಸಕ್ಕರೆ ನೀರು ಗಟಗಟ ಕುಡಿದರು, ಸ್ವಲ್ಪ ಹೊತ್ತಿಗೆ ಚೇತರಿಸಿಕೊಂಡರು.

ಮಧ್ಯಾಹ್ನದ ಹೊತ್ತಿಗೆ ದಾರಿ ತೆರೆಯಿತು. ಸೋಲಾಂಗ್‌ನಲ್ಲಿ ನಮ್ಮವರು ಸ್ಕೀ ಕಟ್ಟಿಕೊಂಡು ಬಿದ್ದು ಎದ್ದು ನಗುತ್ತಿದ್ದರು. ಬಸಮ್ಮ ಮಾತ್ರ ಅತ್ತ ನೋಡದೆ, ಸೊಸೆಯ ಕೆಂಪೇರಿದ ಕೈಗಳನ್ನು ಸೆರಗಿನಲ್ಲಿ ಸುತ್ತಿ ತಿಕ್ಕುತ್ತ ಕೂತಿದ್ದರು.

ನಾನೀಗ ನಿವೃತ್ತ. ಈ ಕೆಲಸಕ್ಕೆ ಹೊಸದಾಗಿ ಬಂದವರು ಏನಾದರೂ ಹೇಳಿ ಎಂದರೆ ಹೇಳುವುದಿಷ್ಟೇ: "ಹಿಮ ತೋರ್ಸೋದು ಆಮ್ಯಾಲ. ಮೊದ್ಲು ಯಾರು ಉಂಡಿಲ್ಲ, ಯಾಕ ಉಂಡಿಲ್ಲ ಅಂತ ಕೇಳ್ರಿ."