ಮಾಳಿಗೆಯ ತೊಲೆ ಓದುವ ನಾಗವೇಣಿ

ಬೆಳಗಿನ ಆರೂವರೆ. ಮಾನ್ವಿ ತಾಲ್ಲೂಕಿನ ಹಿರೇಕೊಟ್ನೆಕಲ್‌ನಲ್ಲಿ ಹತ್ತಿ ಬಿಡಿಸಲು ಹೋಗುವ ಹೆಂಗಸರ ಟಂಟಂ ಗಾಡಿ ಇನ್ನೂ ಬಂದಿಲ್ಲ. ರಸ್ತೆಗೆ ಮುಖ ಮಾಡಿ ನಿಂತ ಮಣ್ಣಿನ ಮಾಳಿಗೆ ಮನೆಯೊಂದರ ಹೊಸ್ತಿಲಲ್ಲಿ ನಾಗವೇಣಿ ಚಪ್ಪಲಿ ಬಿಡುತ್ತಾರೆ. ಕೈಯಲ್ಲಿ ಅಳತೆಯ ಟೇಪು, ಬಗಲಲ್ಲಿ ನಮೂನೆಗಳ ಕಟ್ಟು. ಒಳಗೆ ಕಾಲಿಟ್ಟವರೇ ತಲೆಯೆತ್ತಿ ಮಾಳಿಗೆ ನೋಡುತ್ತ ನಿಲ್ಲುತ್ತಾರೆ.

ಮನೆಯೊಡತಿ ಬಡೇಬೀ ಒಲೆಯ ಮುಂದಿನಿಂದಲೇ ಕೇಳುತ್ತಾರೆ: ‘ಏನ್ ನೋಡಾಕತ್ತೀಬೇ? ಮ್ಯಾಲ ಮಸಿ ಬಿಟ್ರ ಏನೂ ಇಲ್ಲ.’

‘ತೊಲಿ ಎಣಸಾಕತ್ತೀನಿ ಯವ್ವಾ.’

‘ಎಣಸು ಎಣಸು. ನನ್ನ ಸೊಸಿನೂ ಬಂದ ದಿನಾನ ಎಣಿಸಿದ್ಲು.’

ಒಳಕೋಣೆಯಿಂದ ಸೊಸೆಯ ನಗು ಕೇಳಿಸುತ್ತದೆ. ನಾಗವೇಣಿ ನಗುತ್ತಲೇ ಎಣಿಸಿ ಮುಗಿಸುತ್ತಾರೆ. ಒಂಬತ್ತು ತೊಲೆ. ಒಂಬತ್ತೂ ಮುಂಗೋಡೆಯ ಮೇಲೆ ಕೂತಿವೆ.

ರಸ್ತೆ ಅಗಲವಾಗುವ ಮುಂಚೆ, ಯಂತ್ರ ಬರುವ ಮುಂಚೆ, ಅಧಿಕಾರಿಗಳ ನೋಟಿಸು ಬರುವುದಕ್ಕೂ ಮುಂಚೆ ಊರಿಗೆ ಬರುವವರು ನಾಗವೇಣಿಯಂಥವರು. ಯಾರ ಗೋಡೆ ಹೋಗುತ್ತದೆ, ಯಾರ ಬಾವಿ, ಎಷ್ಟು ಬೇವಿನ ಮರ, ದನದ ಕೊಟ್ಟಿಗೆ, ಬಚ್ಚಲು, ನೆಲದೊಳಗಿನ ಜೋಳದ ಹಗೇವು, ಎಲ್ಲವನ್ನೂ ಅಳೆದು ಬರೆಯಬೇಕು. ಇವರು ಬರೆದದ್ದರ ಮೇಲೆಯೇ ಮುಂದಿನ ಪರಿಹಾರ ನಿಲ್ಲುತ್ತದೆ. ಬರೆಯದೆ ಬಿಟ್ಟದ್ದು, ಕಾಗದದ ಮಟ್ಟಿಗೆ, ಊರಿನಲ್ಲಿ ಇರಲೇ ಇಲ್ಲ.

ನಾಗವೇಣಿಗೆ ಈಗ ಮೂವತ್ತೊಂಬತ್ತು. ಮನೆ ರಾಯಚೂರಿನಲ್ಲಿ, ಗಂಡ ಶೇಖರ ಅಲ್ಲಿ ಆಟೋ ಓಡಿಸುತ್ತಾರೆ. ಮಾನ್ವಿ ಕಡೆ ಕೆಲಸವಿದ್ದಾಗ ತವರಿನಲ್ಲಿ ಉಳಿದು, ಕತ್ತಲಿರುವಾಗಲೇ ಹೊರಡುತ್ತಾರೆ. ಏಳು ಗಂಟೆ ದಾಟಿದರೆ ಊರಲ್ಲಿ ಹಲವು ಮನೆಗಳಿಗೆ ಬೀಗ ಬೀಳುತ್ತದೆ. ಹನ್ನೊಂದು ವರ್ಷಗಳಿಂದ ಸರ್ವೆ ಮಾಡುವ ಖಾಸಗಿ ಸಂಸ್ಥೆಗಳಲ್ಲಿ ಗುತ್ತಿಗೆಯ ಕೆಲಸ. ಒಂದು ರಸ್ತೆ ಮುಗಿದರೆ ಇನ್ನೊಂದು ಸಿಗುವವರೆಗೆ ಮನೆಯಲ್ಲಿ ಕೂರಬೇಕು.

ಒಂದು ಮನೆಗೆ ಹದಿನಾಲ್ಕು ಪುಟದ ನಮೂನೆ. ದಿನಕ್ಕೆ ಹನ್ನೆರಡು ಮನೆ ಆಗಬೇಕೆಂದು ತಂಡದ ಮುಖ್ಯಸ್ಥ ಜಯಸಿಂಹ ಅವರ ಅಪೇಕ್ಷೆ. ನಾಗವೇಣಿ ಮುಗಿಸುವುದು ಏಳು, ಹೆಚ್ಚೆಂದರೆ ಎಂಟು. ‘ಸರ್ ಫೋನ್ ಮಾಡಿ, ಏನ್ರೀ ನಾಗವೇಣಿ, ಮನಿ ಅಳ್ಯಾಕತ್ತೀರೋ ಕಟ್ಟಾಕತ್ತೀರೋ ಅಂತಾರ. ಅವರದೂ ತಪ್ಪಿಲ್ರಿ, ಅವರ ಮ್ಯಾಲ ಇನ್ನೊಬ್ರು ಇರ್ತಾರ’ ಎನ್ನುತ್ತಾರೆ.

ನಿಧಾನಕ್ಕೆ ಕಾರಣವಿದೆ. ತಂದೆ ಅಯ್ಯಪ್ಪ ಮಾಳಿಗೆ ಹಾಕುವ ಕೂಲಿಯವರು. ಮಳೆಗಾಲದ ಮುಂಚೆ ಮಾನ್ವಿಯ ಸುತ್ತಿನ ಊರುಗಳಲ್ಲಿ ಮನೆಯ ಮೇಲೆ ಸವಳು ಮಣ್ಣು ಹೊತ್ತುಹಾಕಿ ತುಳಿಯುತ್ತಿದ್ದರು. ಮಣ್ಣಿನ ಪುಟ್ಟಿ ಹೊರಲು ಮಗಳೂ ಹೋಗುತ್ತಿದ್ದಳು. ಮಾಳಿಗೆಯ ಭಾರ ಜಂತಿಯಿಂದ ತೊಲೆಗೆ, ತೊಲೆಯಿಂದ ಯಾವ ಗೋಡೆಗೆ ಇಳಿಯುತ್ತದೆ ಎಂಬುದು ಆಕೆಗೆ ಅಲ್ಲೇ ತಿಳಿಯಿತು. ಆಮೇಲೆ ಬಿ.ಎ. ಓದಿದ್ದು, ಸರ್ವೆ ಕೆಲಸಕ್ಕೆ ಸೇರಿದ್ದು.

ಆದರೂ ಒಮ್ಮೆ ತಪ್ಪಿದರು. ಅದನ್ನು ಅವರು ಮುಚ್ಚಿಡುವುದಿಲ್ಲ. ಆರು ವರ್ಷದ ಹಿಂದೆ ದೇವದುರ್ಗದ ಕಡೆಯ ಒಂದು ಊರು. ಗೋಪಮ್ಮ ಎಂಬವರ ಮನೆಯ ಮುಂದಿನ ಐದು ಅಡಿ ರಸ್ತೆಗೆ ಹೋಗುವುದಿತ್ತು. ನಮೂನೆಯಲ್ಲಿ ಎರಡು ಅಂಕಣ: ಮನೆಗೆ ಹಾನಿ ‘ಭಾಗಶಃ’, ಇಲ್ಲವೇ ‘ಪೂರ್ಣ’. ಪೂರ್ಣ ಎಂದು ಬರೆದರೆ ಊರೇ ಬಿಡಿಸುತ್ತಾರೆಂದು ಗೋಪಮ್ಮ ಹೆದರಿದರು. ಅರ್ಧ ಅಂತ ಬರೆಯವ್ವಾ ಎಂದು ಕೈ ಹಿಡಿದರು.

‘ತೊಲಿ ಮುಂದಿನ ಗ್ವಾಡಿ ಮ್ಯಾಲ ಇದ್ದದ್ದು ನನ್ನ ಕಣ್ಣಿಗೆ ಕಂಡಿತ್ರಿ. ಕಂಡೂ ಅರ್ಧ ಅಂತ ಬರದೆ. ಆಕಿ ಅಳೂದು ನೋಡಾಕ ಆಗಲಿಲ್ಲ. ಮುಂದಿಂದು ಕಡದ ಮ್ಯಾಲ, ಮಳಿಗಿಂತ ಮೊದಲ ಹೊಸ ಗ್ವಾಡಿ ಎಬ್ಬಸ್ತೀವಿ ಅಂದಿದ್ರು. ಮಳಿ ಮೊದಲ ಬಂತು.’

ಮಾಳಿಗೆ ಕುಸಿದ ದಿನ ಮನೆಯವರೆಲ್ಲ ಮದುವೆಗೆ ಹೋಗಿದ್ದರಿಂದ ಜೀವ ಉಳಿಯಿತು. ಭಾಗಶಃ ಎಂದಿದ್ದ ಕಾಗದ ಬದಲಾಗಲಿಲ್ಲ. ಗೋಪಮ್ಮನ ಸಂಸಾರ ಎರಡು ವರ್ಷ ತಗಡಿನ ಕೆಳಗೆ ಕಳೆಯಿತು. ‘ಆಕಿ ನನಗ ಒಂದು ಮಾತು ಬೈಲಿಲ್ರಿ. ಬೈದಿದ್ರ ಛಲೋ ಇತ್ತು.’

ಈಗ ಬಡೇಬೀ ಕೂಡ ಅದನ್ನೇ ಕೇಳುತ್ತಿದ್ದಾರೆ. ನಕ್ಷೆಯ ಪ್ರಕಾರ ಅವರ ಮನೆಯಲ್ಲೂ ಹೋಗುವುದು ಮುಂದಿನ ಐದೇ ಅಡಿ. ಆ ಐದು ಅಡಿಯಲ್ಲೇ ಅವರ ಬಳೆ ಅಂಗಡಿ ಇದೆ. ಗಂಡ ತೀರಿದ ಮೇಲೆ ಅತ್ತೆ ಸೊಸೆ ಇಬ್ಬರೂ ಅದರಲ್ಲೇ ಕೂತು ಬಳೆ ತೊಡಿಸುತ್ತಾರೆ.

‘ಅರ್ಧ ಅಂತ ಬರಿ ಬೇಟಿ. ಪೂರಾ ಬರದ್ರ ನನ್ನ ಎಲ್ಲಿಗೋ ಎತ್ತಿ ಒಗೀತಾರ. ರಸ್ತಿ ಬಿಟ್ಟು ಒಳಗ ಕುಂತ್ರ ನನ್ನ ಕೈಲೆ ಬಳಿ ಇಡಿಸ್ಕೊಳ್ಳಾಕ ಯಾರು ಬರ್ತಾರ?’

ನಾಗವೇಣಿ ವಾದಿಸುವುದಿಲ್ಲ. ಬಡೇಬೀಯ ಕೈ ಹಿಡಿದು ಮುಂಗೋಡೆಯ ಹತ್ತಿರ ನಿಲ್ಲಿಸುತ್ತಾರೆ. ಒಂದೊಂದೇ ತೊಲೆಯ ತುದಿ ತೋರಿಸುತ್ತಾರೆ. ‘ಇವು ಅಡ್ಡ ಹಾಯ್ದಿದ್ರ ನಾನೂ ಅರ್ಧ ಅಂತಿದ್ದೆ. ಇವು ಮುಂದಿಂದ ಹಿಂದಕ್ಕ ಹೋಗ್ಯಾವ. ಈ ಗ್ವಾಡಿ ತಗದ್ರ ಒಂಬತ್ತಕ್ಕೂ ಕಾಲಿಲ್ಲ.’ ಗೋಪಮ್ಮನ ಮನೆಯ ಕಥೆಯನ್ನೂ ಹೇಳುತ್ತಾರೆ, ತಾನೇ ಬರೆದದ್ದೆಂದೂ ಹೇಳುತ್ತಾರೆ.

ಬಡೇಬೀ ಬಹಳ ಹೊತ್ತು ಮೇಲೆ ನೋಡುತ್ತಾರೆ. ಒಲೆಯ ಮೇಲಿನ ಚಹಾ ಉಕ್ಕಿ, ಸೊಸೆ ಓಡಿ ಬಂದು ಇಳಿಸುತ್ತಾಳೆ.

‘ಮತ್ತ ಅಂಗಡಿ?’

‘ನಿನ್ನ ಹಿತ್ತಲ ಎಷ್ಟ್ ಅದ?’

‘ಮೂವತ್ತು ಅಡಿ.’

‘ಅದಕ್ಕ ಯಾರೂ ಕೈ ಹಚ್ಚೂದಿಲ್ಲ. ನೀ ರಸ್ತಿ ಬಿಟ್ಟು ಹೋಗೂದು ಎಲ್ಲಿ ಬಂತು ಯವ್ವಾ? ರಸ್ತಿನ ನಿನ್ನ ಹಿತ್ತಲ ಹುಡಿಕ್ಕೊಂಡು ಬರಾಕತ್ತದ. ಹಿಂದ ಸರದು ಕಟ್ಟಿದ್ರ ಅಂಗಡಿ ಮತ್ತ ರಸ್ತಿಗೇ ಬರ್ತದ. ಉಳಿದ ಜಾಗದಾಗ ನಾನ ಕಟ್ಕೋತೀನಿ ಅಂತ ಹೇಳು, ಅದಕ್ಕೂ ಇಲ್ಲಿ ಒಂದು ಅಂಕಣ ಅದ. ಅದನ್ನ ತುಂಬ್ತೀನಿ.’

ಅಷ್ಟರಲ್ಲಿ ಜಯಸಿಂಹ ಅವರ ಫೋನು; ಈ ಮನೆ ಪೂರ್ಣ ಎಂದು ನಾಗವೇಣಿ ತಿಳಿಸುತ್ತಾರೆ. ನಕ್ಷೆಯಲ್ಲಿ ಐದೇ ಅಡಿ ಇದೆಯಲ್ಲ, ಪೂರ್ಣ ಎಂದರೆ ಮೇಲಿನವರು ನನ್ನನ್ನು ಕೇಳುತ್ತಾರೆ ಎನ್ನುವುದು ಅವರ ಚಿಂತೆ. ನಾಗವೇಣಿ ದನಿ ಏರಿಸುವುದಿಲ್ಲ. ‘ಒಂಬತ್ತು ತೊಲಿದೂ ಫೋಟೋ ಕಳಸ್ತೀನಿ ಸರ್. ಕೇಳಿದವ್ರಿಗೆ ಅದನ್ನ ತೋರಸ್ರಿ. ಸಾಲದಿದ್ರ ನೀವ ಬರ್ರಿ, ಮಾಳಿಗಿ ಹತ್ತೂಣು. ನಾ ಮಾತ್ರ ಭಾಗಶಃ ಅಂತ ಸಹಿ ಹಾಕೂದಿಲ್ಲ.’ ಆ ಕಡೆಯಿಂದ, ಕಳಿಸಿ ನೋಡೋಣ ಎಂಬ ಮಾತು.

ಫೋಟೋ ಹೋಗುತ್ತದೆ. ಚಹಾ ಕುಡಿದು ಮುಗಿಯುವುದರೊಳಗೆ ಉತ್ತರವೂ ಬರುತ್ತದೆ: ಪೂರ್ಣ ಎಂದೇ ಬರೆಯಿರಿ, ಫೋಟೋ ಲಗತ್ತಿಸಿ.

ಸಹಿ ಮಾಡುವ ಮುಂಚೆ ಬಡೇಬೀಯದು ಒಂದು ಶರತ್ತು. ತೊಲೆಗಳು ಗಂಡ ಗಾಡಿ ಹೂಡಿಕೊಂಡು ಹೋಗಿ ತಂದವು, ಅವನ್ನು ಬಿಟ್ಟುಕೊಡುವುದಿಲ್ಲ. ಮನೆ ಬಿಚ್ಚಿದ ಸಾಮಾನು ಮನೆಯವರದೇ ಎಂದು ನಾಗವೇಣಿ ತೋರಿಸಿ ಓದುತ್ತಾರೆ. ಬಡೇಬೀ ಇನ್ನೊಮ್ಮೆ ಓದಿಸುತ್ತಾರೆ. ಆಮೇಲೆ ಕನ್ನಡಕ ಹಾಕಿಕೊಂಡು, ಉರ್ದುವಿನಲ್ಲಿ, ನಿಧಾನವಾಗಿ ಹೆಸರು ಬರೆಯುತ್ತಾರೆ. ಇದೊಂದೇ ಮನೆಗೆ ಎರಡು ತಾಸು.

ಹೊರಗೆ ಬಿಸಿಲೇರಿದೆ. ಮುಂದಿನ ಮನೆಗೆ ಬೀಗ ಬಿದ್ದಿದೆ, ನಾಳೆ ಬರಬೇಕು. ಬೇವಿನ ನೆರಳಿನಲ್ಲಿ ನಿಂತು ನಮೂನೆ ಸರಿಯಾಗಿ ಜೋಡಿಸಿಕೊಳ್ಳುತ್ತ, ಈ ಕೆಲಸದಲ್ಲಿ ಏನಾದರೂ ಆಸೆ ಉಳಿದಿದೆಯೇ ಎಂಬ ಪ್ರಶ್ನೆಗೆ ನಾಗವೇಣಿ ಉತ್ತರಿಸುತ್ತಾರೆ.

‘ನಾ ಅಳದ ಮನಿ ಎಲ್ಲಾ ಬಿದ್ದಾವ್ರಿ, ನಮ್ಮ ಕೆಲಸಾನ ಅಂಥಾದ್ದು. ಅವರು ಹೊಸಾದು ಕಟ್ಟೂದ್ರಾಗ ನಾವು ಬ್ಯಾರೆ ರಸ್ತಿಗೆ ಹೋಗಿರ್ತೀವಿ. ಒಂದಾದ್ರೂ ಹೊಸ ಮನ್ಯಾಗ ಹೋಗಿ ಕುಂತು ಚಾ ಕುಡೀಬೇಕು ಅನಸ್ತದ. ಟೇಪ್ ಇಲ್ಲದ ಹೋಗ್ಬೇಕು. ಬರೇ ಮಂದಿ ಮಾರಿ ನೋಡಿ ಮಾತಾಡಿ ಬರಬೇಕು.’

ಆಮೇಲೆ ತಾವೇ ನಗುತ್ತಾರೆ. ‘ಆದ್ರ ಮ್ಯಾಲ ನೋಡೇ ನೋಡ್ತೀನಿ ಬಿಡ್ರಿ.’