ಇಡೀ ಬೀದಿಗೆ ಒಂದೇ ಇ-ಮೇಲ್

ಇದನ್ನು ಹಿಂದೊಮ್ಮೆ ಬರೆದಿದ್ದೆ. ಅದರಲ್ಲಿ ನಾನು ಒಳ್ಳೆಯವನಾಗಿದ್ದೆ. ಅಕ್ಕ ಓದಿ, ಹಾಳೆ ವಾಪಸ್ ಕೊಟ್ಟು, "ಯಾರ ಕತಿ ಇದು?" ಎಂದಳು. ಹಾಗಾಗಿ ಇದು ಎರಡನೆಯ ಸಲ. ನಮ್ಮಿಬ್ಬರ ನೆನಪು ಕೂಡದ ಕಡೆಯಲ್ಲೆಲ್ಲ ಅವಳದನ್ನೇ ಇಟ್ಟುಕೊಂಡಿದ್ದೇನೆ. ನನ್ನ ನೆನಪು ನನಗೆ ಬಹಳ ಅನುಕೂಲ ಮಾಡಿಕೊಡುತ್ತದೆ.

ಕೊಟ್ಟೂರಿನ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಎಸ್‌ಟಿಡಿ ಬೂತ್ ಇತ್ತು. ಮುಂದೆ ಫೋನು, ಝೆರಾಕ್ಸು. ಪ್ಲೈವುಡ್ ಹಲಗೆಯ ಹಿಂದೆ ಕಂಪ್ಯೂಟರ್. ಮೂರಿದ್ದವು ಎಂದು ನಾನು, ಎರಡೇ ಎಂದು ಅಕ್ಕ. ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು. ಅರ್ಜಿಗಳಲ್ಲಿ ಇ-ಮೇಲ್ ವಿಳಾಸ ಎಂಬ ಹೊಸ ಸಾಲು ಕಾಣಿಸಿಕೊಂಡ ಕಾಲ. ಆ ಸಾಲಿಗೆ ಬಂದಾಗ ತುಂಬುವವರು ಪೆನ್ನು ಎತ್ತಿ ಅಂಗಡಿಯವನ ಮುಖ ನೋಡುತ್ತಿದ್ದರು. ಅವನು ತನ್ನದೇ ವಿಳಾಸ ಬರೆದುಕೊಡುತ್ತಿದ್ದ. ಎಲ್ಲರಿಗೂ.

"ಊರಿಗೆ ಪೋಸ್ಟಾಫೀಸ್ ಎಷ್ಟದಾವ್ರಿ? ಒಂದ. ಇದೂ ಒಂದ ಸಾಕು," ಎನ್ನುತ್ತಿದ್ದ.

ಅದರಲ್ಲಿ ಮೋಸವೇನೂ ಇರಲಿಲ್ಲ. ಬೆಳಿಗ್ಗೆ ಅಂಗಡಿ ತೆಗೆದು, ಊದುಬತ್ತಿ ಹಚ್ಚಿ, ಬಂದ ಮೇಲ್ ನೋಡುತ್ತಿದ್ದ. ಓದದೇ ಇರುವ ಮೇಲ್ ದಪ್ಪ ಅಕ್ಷರದಲ್ಲಿರುತ್ತದಲ್ಲ, ಆ ಕರಿ ಸಾಲುಗಳನ್ನು ಮಾತ್ರ ತೆರೆದು, ಯಾರದೆಂದು ಹುಡುಕಿ, ಪ್ರಿಂಟ್ ತೆಗೆದಿಡುತ್ತಿದ್ದ. ಪಕ್ಕದ ಊರು ಉಜ್ಜಿನಿಯವರದಾದರೆ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಹೇಳಿಕಳಿಸುತ್ತಿದ್ದ. ಯಾರು ಬೇಕಾದರೂ ಬಂದು ನೋಡಿಕೊಳ್ಳಲಿ ಎಂದು ಪಾಸ್‌ವರ್ಡನ್ನು ಮಾನಿಟರಿನ ಅಂಚಿಗೆ ಅಂಟಿಸಿದ್ದ.

ಅಕ್ಕ ಆಗ ಒಂದು ಕಾನ್ವೆಂಟಿನಲ್ಲಿ ಎಲ್‌ಕೆಜಿ ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಮುಂದಿನ ವರ್ಷ ಶಾಲೆಗೆ ಕಂಪ್ಯೂಟರ್ ಬರುವುದಿತ್ತು. ತರಬೇತಿ ಆದವರಿಗೆ ಆ ತರಗತಿ ಕೊಡುತ್ತೇವೆ ಎಂದಿದ್ದರು. ಅವಳಿಗೆ ಅದು ಬೇಕಿತ್ತು. ಹೊಸಪೇಟೆಯಲ್ಲಿ ಶಿಕ್ಷಕರಿಗಾಗಿ ಆರು ತಿಂಗಳ ತರಬೇತಿ ಇದೆಯೆಂದು ತಿಳಿದು ಅರ್ಜಿ ಹಾಕಿದಳು. ಸಂದರ್ಶನಕ್ಕೆ ಇ-ಮೇಲ್‌ನಲ್ಲಿ ಕರೆಯುತ್ತಾರೆ ಎಂದಿತ್ತು. ವಿಳಾಸ ಅಂಗಡಿಯವನದೇ.

ನನಗೆ ಡಿಗ್ರಿ ಮುಗಿದಿತ್ತು, ಕೆಲಸ ಇರಲಿಲ್ಲ. ಬರಹಗಾರ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಇಂಟರ್‌ನೆಟ್ ಕಲಿಯುತ್ತೇನೆಂದು ಮನೆಯಲ್ಲಿ ಹೇಳಿ ಹೋಗಿ, ಆ ವಿಳಾಸಕ್ಕೆ ಬಂದ ಮಂದಿಯ ಪತ್ರ ಓದುತ್ತಿದ್ದೆ. ಗಂಡಿನ ಕಡೆಯವರು ನಯವಾಗಿ ಬೇಡವೆಂದದ್ದು. ಇಟ್ಟಿಗಿ ಊರಿನ ಒಬ್ಬರಿಗೆ ದುಬೈಯಿಂದ ತಮ್ಮ ಕಳಿಸಿದ, ಅವನ ಹಾಸಿಗೆಯೊಂದೇ ಇದ್ದ ಫೋಟೊ. ಇದನ್ನು ಬರವಣಿಗೆಯ ಅಭ್ಯಾಸ ಎಂದು ಕರೆದುಕೊಂಡಿದ್ದೆ.

ಒಂದು ಮಧ್ಯಾಹ್ನ ಒಂದು ಕರಿ ಸಾಲು ಒತ್ತಿದೆ. ಇಂಗ್ಲಿಷ್. ಪ್ರಿಯ ಅಭ್ಯರ್ಥಿ ಎಂದಿತ್ತು. ಹೆಸರಿಲ್ಲ, ಒಂದು ಅರ್ಜಿ ಸಂಖ್ಯೆ. ಇದರಲ್ಲಿ ಕತೆಯಿಲ್ಲವೆಂದು ಮುಚ್ಚಿದೆ. ಸಾಲು ತೆಳ್ಳಗಾಯಿತು. ಪಕ್ಕದ ಹೋಟೆಲಿನಿಂದ ಒಗ್ಗರಣಿ ಮಂಡಕ್ಕಿಯ ವಾಸನೆ ಬರುತ್ತಿತ್ತು ಎಂದು ಮೊದಲ ಸಲ ಬರೆದಿದ್ದೆ. ವಾಸನೆ ನಾನು ಸೇರಿಸಿದ್ದು.

ಅಕ್ಕ ಶಾಲೆ ಬಿಟ್ಟ ಮೇಲೆ ದಿನಾ ಹೋಗಿ ಕೇಳುತ್ತಿದ್ದಳು.

"ನಂದೇನಾರ ಬಂತೇನ್ರಿ ಅಣ್ಣಾರ?"

"ಇಲ್ರಿ ಟೀಚರ್. ಕರ್ರಗ ಇದ್ದಿದ್ದೆಲ್ಲಾ ನೋಡೀನಿ."

ಒಂದು ಶನಿವಾರ ಅವಳು, "ಸರೀರಿ, ನಾನ ಒಮ್ಮಿ ನೋಡ್ತೀನಿ," ಎಂದು ಕುರ್ಚಿಯಲ್ಲಿ ಕೂತಳು. ನಾನು ಹಿಂದೆ ನಿಂತಿದ್ದೆ. ಕರಿ ಸಾಲುಗಳನ್ನು ಬಿಟ್ಟು ತೆಳು ಸಾಲುಗಳನ್ನೇ ಒಂದೊಂದಾಗಿ ತೆಗೆದಳು. ಸಿಕ್ಕಿತು. ಅರ್ಜಿ ಸಂಖ್ಯೆ ಬರೆದ ಚೀಟಿ ಅವಳ ಬ್ಯಾಗಿನಲ್ಲಿತ್ತು. ಎರಡು ಸಲ ಹೊಂದಿಸಿ ನೋಡಿದಳು. ಸಂದರ್ಶನ ಗುರುವಾರವೇ ಮುಗಿದಿತ್ತು.

"ಯಾರ್ ತೆಗದಾರ್ರಿ ಇದನ್ನ?"

"ನಾನಂತೂ ಅಲ್ಲವ್ವ," ಎಂದ ಅಂಗಡಿಯವನು. "ತೆಗದಿದ್ರ ಪ್ರಿಂಟ್ ಹೊಡಿತಿದ್ದಿಲ್ಲೇನು? ದಿನಾ ಎಷ್ಟ್ ಮಂದಿ ಬರ್ತಾರ, ಯಾರ್ ಮುಟ್ಯಾರೋ ಏನೋ."

ಅವನ ಬಾಯಲ್ಲಿ ಟೀಚರ್ ಹೋಗಿ ಅವ್ವ ಆದದ್ದು ನನಗೆ ಚೆನ್ನಾಗಿ ನೆನಪಿದೆ. ಮೊದಲ ಬರಹದಲ್ಲಿ ನಾನು ಅಲ್ಲೇ ಒಪ್ಪಿಕೊಂಡಿದ್ದೆ. ಅಕ್ಕನ ಪ್ರಕಾರ ಮಂಗಳವಾರ, ನಾನು ಊಟಕ್ಕೆ ಕೂತಾಗ.

"ಅಕ್ಕಾ, ಅದನ್ನ ತೆಗದಾಂವ ನಾನ."

ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಗೊತ್ತೈತಿ. ಮಂದಿ ಪತ್ರ ಓದಾಕ ಅಷ್ಟು ಪುರುಸೊತ್ತು ಇನ್ಯಾರಿಗೈತಿ? ನೆಟ್ ಕಲಿಯಾಕ ಹೋಗ್ಯಾನ ಅಂತ ಅವ್ವನ ಮುಂದ ನಾನ ಹೇಳ್ತಿದ್ದೆ, ಲೇ."

"ಅದರಾಗ ನಿನ್ನ ಹೆಸರಿರಲಿಲ್ಲ."

"ಹೆಸರಿದ್ದವ್ರದೆಲ್ಲಾ ಅವರಿಗೆ ಮುಟ್ಟಿಸೀಯೇನು?"

ಮರುದಿನ ಅವಳು ತನ್ನದೇ ವಿಳಾಸ ಮಾಡಿಕೊಂಡಳು. ಪಾಸ್‌ವರ್ಡ್ ಹಾಕುವಾಗ ಅಂಗಡಿಯವನಿಗೆ "ಆ ಕಡಿ ನೋಡ್ರಿ" ಎಂದಳು, ನನಗೆ "ಹೊರಗ ನಿಂದ್ರು." ಆಮೇಲೆ ಒಳಗೆ ಕರೆದಳು. ಒಂದೇ ಬೆರಳಿನಲ್ಲಿ ತರಬೇತಿಯವರಿಗೆ ಬರೆಯುತ್ತಿದ್ದಳು: ನಾನು ಕೊಟ್ಟಿದ್ದ ವಿಳಾಸವನ್ನು ಬಹಳ ಜನ ತೆರೆಯುತ್ತಾರೆ, ನಿಮ್ಮ ಕರೆ ತಡವಾಗಿ ಕಂಡಿತು, ಈಗ ಬರಬಹುದೇ. ಇಂಗ್ಲಿಷ್ ತಿದ್ದಿಕೊಡುತ್ತೇನೆ ಎಂದೆ.

"ಬ್ಯಾಡ. ತಪ್ಪಿದ್ರೂ ನಂದ ಇರ್ಲಿ."

ಸೀಟು ತುಂಬಿವೆ, ಮುಂದಿನ ತಂಡಕ್ಕೆ ಮತ್ತೆ ಅರ್ಜಿ ಹಾಕಿ ಎಂದು ಉತ್ತರ ಬಂತು. ಕಾಯುವ ತಿಂಗಳುಗಳಲ್ಲಿ ಅವಳು ದಿನಕ್ಕೊಂದು ಗಂಟೆ ಅಲ್ಲಿ ಕೂತು ಟೈಪಿಂಗ್ ಕಲಿತಳು. ಮಕ್ಕಳಿಗೆ ತೋರಿಸಲು ಗ್ರಹಗಳ ಚಿತ್ರ ಹುಡುಕಿ, ಸಿಕ್ಕದ್ದನ್ನು ಮನೆಗೆ ತಂದು ಪುಸ್ತಕದ ಜೊತೆ ಹೊಂದಿಸಿ ನೋಡುತ್ತಿದ್ದಳು. ಗಂಟೆ ಮುಗಿದರೆ ಎದ್ದುಬಿಡುತ್ತಿದ್ದಳು. ನನಗೆ ಹಾಗೆ ಏಳಲು ಆಗುತ್ತಿರಲಿಲ್ಲ.

ಎರಡನೆಯ ಕರೆ ಅವಳ ವಿಳಾಸಕ್ಕೇ ಬಂತು, ಅವಳೇ ತೆರೆದಳು. ಅಷ್ಟರಲ್ಲಿ ಶಾಲೆಯ ಕಂಪ್ಯೂಟರ್ ತರಗತಿ ಬೇರೊಬ್ಬರ ಪಾಲಾಗಿತ್ತು. ತರಬೇತಿ ಮುಗಿಸಿ ಬಂದ ಮೇಲೂ ಅವಳು ಇಡೀ ಒಂದು ವರ್ಷ ಎಲ್‌ಕೆಜಿಯಲ್ಲೇ ಉಳಿದಳು. ಆ ವರ್ಷವನ್ನು ಮೊದಲ ಬರಹದಲ್ಲಿ ಬಿಟ್ಟಿದ್ದೆ.

ಕೊನೆಗೆ ತರಗತಿ ಸಿಕ್ಕಿತು. ಮೊದಲ ದಿನ ಅವಳ ಊಟದ ಡಬ್ಬಿ ಕೊಡಲು ಹೋಗಿದ್ದೆ. ಒಂದೊಂದು ಕಂಪ್ಯೂಟರಿಗೆ ಇಬ್ಬಿಬ್ಬರು ಮಕ್ಕಳು. ಒಬ್ಬರು ಪಾಸ್‌ವರ್ಡ್ ಒತ್ತುವಾಗ ಇನ್ನೊಬ್ಬರು ಗೋಡೆಗೆ ಮುಖ ಮಾಡಬೇಕು. ಅದೇ ಅವತ್ತಿನ ಪಾಠ.

"ಆ ಕಡಿ ನೋಡ್ರಿ," ಎಂದಳು. ಅರ್ಧ ಮಕ್ಕಳು ತಿರುಗಿದರು. ಬಾಗಿಲಲ್ಲಿದ್ದ ನನ್ನನ್ನು ಕಂಡು, "ನೀನೂ," ಎಂದಳು.

ಡಬ್ಬಿ ಹಿಡಿದುಕೊಂಡೇ ತಿರುಗಿದೆ.